ಹೆಸರಿಲ್ಲದ ಜಡ್ಡಿಗೆ ಕಾರ್ಡಿಲ್ಲ

ರೋಣದಿಂದ, ಗಜೇಂದ್ರಗಡದಿಂದ ಗದಗಿಗೆ, ನರಗುಂದದಿಂದ ಹುಬ್ಬಳ್ಳಿಗೆ ಹೊರಡುವ ಬೆಳಗಿನ ಬಸ್ಸುಗಳಲ್ಲಿ ದವಾಖಾನಿಗೆ ಹೊಂಟವರನ್ನು ಗುರುತಿಸುವುದು ಕಷ್ಟವಲ್ಲ. ಅವರ ಕೈಯಲ್ಲಿ ಅರಿವಿ ಅಂಗಡಿಯ ದೊಡ್ಡ ಪ್ಲಾಸ್ಟಿಕ್ ಚೀಲವಿರುತ್ತದೆ. ಎಕ್ಸ್‌ರೇ ಹಾಳೆ ಮಡಚದೆ ಹಿಡಿಸುವುದು ಅದರಲ್ಲಿ ಮಾತ್ರ. ಚೀಲ ತೆಳ್ಳಗಿದ್ದರೆ ಜಡ್ಡು ಏನೆಂದು ಗೊತ್ತಾಗಿದೆ. ಒಂದು ಡಿಸ್ಚಾರ್ಜ್ ಕಾರ್ಡು, ಮುಂದೆ ಬರಬೇಕಾದ ತಾರೀಖು, ಅಷ್ಟು ಸಾಕು. ಚೀಲ ದಪ್ಪಗಿದ್ದರೆ ಇನ್ನೂ ಗೊತ್ತಾಗಿಲ್ಲ. ಅದರೊಳಗೆ ನಾಲ್ಕು ಊರಿನ ಚೀಟಿಗಳು, ಎರಡೆರಡು ಸಲ ಮಾಡಿಸಿದ ಅದೇ ರಕ್ತ ತಪಾಸಣೆ, ಒಂದಕ್ಕೊಂದು ಹೊಂದದ ಅಭಿಪ್ರಾಯಗಳು ಇರುತ್ತವೆ. "ಎಲ್ಲಾ ನಾರ್ಮಲ್ ಐತಿ ಅಂತಾರ್ರೀ, ಆದ್ರ ಬ್ಯಾನಿ ಹೋಗವಲ್ದು" ಎಂಬ ಮಾತು ಈ ಸೀಮೆಯ ಯಾವ ಬಸ್ಸಿನಲ್ಲೂ ಕೇಳಬಹುದು.

ಆ ಚೀಲ ದಪ್ಪಗಾಗುವ ದಾರಿ ಬಹುತೇಕ ಒಂದೇ. ಮೊದಲು ಊರಿನ ಆರ್‌ಎಂಪಿ ಡಾಕ್ಟರು: ಒಂದು ಸೂಜಿ, ಒಂದು ಸಲಾಯಿನ್, ಹೆಸರಿಲ್ಲದ ಪೊಟ್ಟಣದಲ್ಲಿ ಮೂರು ಬಣ್ಣದ ಗುಳಿಗಿ. ಅದರಲ್ಲೊಂದು ಸ್ಟೀರಾಯ್ಡ್ ಆಗಿದ್ದರೆ ಎರಡು ದಿನದಲ್ಲಿ ಮನುಷ್ಯ ಎದ್ದು ಹೊಲಕ್ಕೆ ಹೋಗುತ್ತಾನೆ. ಡಾಕ್ಟರ ಕೈಗುಣ ಛಲೋ ಎಂದು ಹೆಸರಾಗುತ್ತದೆ, ಜಡ್ಡಿನ ಗುರುತುಗಳು ಅಡಗುತ್ತವೆ, ಮುಂದೆ ದೊಡ್ಡ ಡಾಕ್ಟರು ನೋಡುವ ಹೊತ್ತಿಗೆ ಹೊರಗೆ ಏನೂ ಕಾಣುವುದಿಲ್ಲ. ಆಮೇಲೆ ತಾಲ್ಲೂಕು ಆಸ್ಪತ್ರೆ. ಆಮೇಲೆ ಗದಗಿನ ಖಾಸಗಿ ದವಾಖಾನಿಗಳ ಓಣಿ, ಅಥವಾ ಜಿಲ್ಲಾ ಆಸ್ಪತ್ರೆ ಸೇರಿಕೊಂಡಿರುವ ವೈದ್ಯಕೀಯ ಕಾಲೇಜು ಜಿಮ್ಸ್. ಅಲ್ಲಿಂದ ಹುಬ್ಬಳ್ಳಿಯ ಕಿಮ್ಸ್. ಗಜೇಂದ್ರಗಡದ ಕಡೆಯವರಾದರೆ ಬಾಗಲಕೋಟೆ, ಕೈಯಲ್ಲಿ ದುಡ್ಡಿದ್ದರೆ ಬೆಳಗಾವಿ, ಧಾರವಾಡ. ಹಿರೇರ ಮಾತು ಕೇಳುವ ಮನೆಯಾದರೆ ಮೀರಜ್. ಅಲ್ಲಿನ ಮಿಷನ್ ಆಸ್ಪತ್ರೆಗೆ ಹತ್ತೊಂಬತ್ತನೇ ಶತಮಾನದ ಕೊನೆಯಿಂದ ನಮ್ಮವರು ನಡೆದುಕೊಂಡಿದ್ದಾರೆ. ಬೆಟಗೇರಿಯ ಬಾಸೆಲ್ ಮಿಷನ್ ಆಸ್ಪತ್ರೆಯನ್ನು ಗದಗಿನ ಹಳಬರು ಇವತ್ತಿಗೂ ಜರ್ಮನ್ ದವಾಖಾನಿ ಎನ್ನುವುದುಂಟು. ದೂರದ ದವಾಖಾನಿಗೆ ಹೋಗಿ ಬರುವುದು ಈ ಕರಿಮಣ್ಣಿನ ನಾಡಿಗೆ ಹೊಸದಲ್ಲ. ಮನೆಯಲ್ಲೀಗ ವಿಮೆಯ ಕಾರ್ಡಿದೆ, ಆದರೂ ಈ ಸುತ್ತಾಟದ ಒಂದು ಬಿಲ್ಲನ್ನೂ ಆ ಕಾರ್ಡು ಕಟ್ಟುವುದಿಲ್ಲ ಎನ್ನುವುದಷ್ಟೇ ಹೊಸದು.

ಕಾರ್ಡು ಎಂದರೆ ಯಾವುದು? ಬಿಪಿಎಲ್ ರೇಷನ್ ಕಾರ್ಡಿನ ಮೇಲೆ ನಡೆಯುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ. 2018ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಆರೋಗ್ಯ ಕರ್ನಾಟಕ ಶುರುಮಾಡಿತು, ಸೆಪ್ಟೆಂಬರಿನಲ್ಲಿ ಕೇಂದ್ರದ ಆಯುಷ್ಮಾನ್ ಬಂತು, ಆ ವರ್ಷವೇ ಎರಡೂ ಕೂಡಿಕೊಂಡವು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜಿನ ದರದಲ್ಲಿ ಶೇ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಯೋಜನೆ ಶುರುವಾದಾಗ ಪಟ್ಟಿಯಲ್ಲಿದ್ದದ್ದು 1,650 ಚಿಕಿತ್ಸೆಗಳು. ಪ್ರತಿಯೊಂದಕ್ಕೂ ಒಂದು ಸಂಖ್ಯೆ, ಒಂದು ದರ. ಸಾಮಾನ್ಯ ಚಿಕಿತ್ಸೆಗಳು ಸರ್ಕಾರಿ ಆಸ್ಪತ್ರೆಯಲ್ಲೇ ಆಗಬೇಕು. ಹೃದಯ, ಕ್ಯಾನ್ಸರ್, ಕಿಡ್ನಿಯಂಥ ದೊಡ್ಡವಕ್ಕೆ ಸರ್ಕಾರಿ ಡಾಕ್ಟರು "ಇಲ್ಲಿ ಆಗುವುದಿಲ್ಲ" ಎಂದು ರೆಫರಲ್ ಚೀಟಿ ಬರೆದರೆ ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗಬಹುದು. ತುರ್ತು ಪಟ್ಟಿಯಲ್ಲಿರುವವಕ್ಕೆ ಮಾತ್ರ ಚೀಟಿ ಬೇಡ.

ಈ ವ್ಯವಸ್ಥೆಯನ್ನು ಹಗುರವಾಗಿ ಕಾಣುವ ಮನಸ್ಸು ನನಗಿಲ್ಲ. ಎದೆ ಹಿಡಿದುಕೊಂಡು ಬಿದ್ದವನಿಗೆ ಸ್ಟೆಂಟು ಬಿದ್ದು ಮನೆಗೆ ನಡೆದು ಬಂದ ಕತೆ ಈಗ ಊರೂರಿನಲ್ಲಿ ಸಿಗುತ್ತದೆ. ಮೂವತ್ತು ವರ್ಷದ ಹಿಂದೆ ಅಂಥವನ ಮನೆಯವರು ಹೊಲ ಮಾರುತ್ತಿದ್ದರು, ಇಲ್ಲವೇ ಅವನನ್ನು ದೇವರ ಮೇಲೆ ಬಿಡುತ್ತಿದ್ದರು. ಆದರೆ ಯೋಜನೆಯ ಬಾಗಿಲಲ್ಲಿ ಕೇಳುವ ಮೊದಲ ಪ್ರಶ್ನೆ ಒಂದೇ: ಯಾವ ಸಂಖ್ಯೆಯ ಚಿಕಿತ್ಸೆ? ಉತ್ತರ ಗೊತ್ತಿದ್ದವರಿಗೆ ಬಾಗಿಲು ತೆರೆಯುತ್ತದೆ. ಒಂದು ವರ್ಷದಿಂದ ಸಂಜೆಯಾದರೆ ಜ್ವರ ಬರುತ್ತದೆ, ಕೈಕಾಲು ಜೋಮು ಹಿಡಿಯುತ್ತದೆ, ತೂಕ ಇಳಿಯುತ್ತಿದೆ, ಯಾಕೆಂದು ಯಾರಿಗೂ ತಿಳಿದಿಲ್ಲ ಎನ್ನುವವರಿಗೆ ಅಲ್ಲಿ ಸಂಖ್ಯೆ ಇಲ್ಲ. ಆಯುಷ್ಮಾನ್ ನಿಯಮದ ಪ್ರಕಾರ ಹೊರರೋಗಿ ಚಿಕಿತ್ಸೆ ಯೋಜನೆಯ ಹೊರಗೆ. ಜಡ್ಡು ಹುಡುಕಲೆಂದೇ ಮಾಡುವ ಬಿಡಿ ತಪಾಸಣೆಗಳೂ ಹೊರಗೆ. ಆಸ್ಪತ್ರೆ ಸೇರುವ ಮುಂಚಿನ ಮೂರು ದಿನ, ಬಿಡುಗಡೆಯಾದ ಮೇಲಿನ ಹದಿನೈದು ದಿನದ ತಪಾಸಣೆ ಮತ್ತು ಔಷಧಿ ಮಾತ್ರ ಪ್ಯಾಕೇಜಿನಲ್ಲಿ ಸೇರಿರುತ್ತವೆ.

ಮೂರು ದಿನ! ಸ್ನಾಯುವಿನ ರೋಗವೋ, ಲೂಪಸೋ, ಬೆನ್ನುಹುರಿಯ ಕ್ಷಯವೋ ಎಂದು ತಿಳಿಯಲು ನಮ್ಮ ಕಡೆ ತಿಂಗಳುಗಳು ಹಿಡಿಯುತ್ತವೆ, ಎಷ್ಟೋ ಸಲ ವರ್ಷಗಳೇ. ಯುರೋಪಿನ ಅಪರೂಪದ ರೋಗಿಗಳ ಸಂಘಟನೆ ಯುರೋರ್ಡಿಸ್ 2024ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಮೊದಲ ಲಕ್ಷಣದಿಂದ ರೋಗ ಪತ್ತೆಯಾಗುವವರೆಗಿನ ಸರಾಸರಿ ಅವಧಿ 4.7 ವರ್ಷ. ಬಹುಪಾಲು ಜನರಿಗೆ ಕುಟುಂಬ ವೈದ್ಯರಿರುವ, ಹೆಚ್ಚಿನ ತಪಾಸಣೆ ಪುಕ್ಕಟೆಯಾಗುವ ದೇಶಗಳ ಲೆಕ್ಕ ಇದು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 2008ರಲ್ಲಿ ಪತ್ತೆಯಾಗದ ರೋಗಗಳಿಗೆಂದೇ ಒಂದು ವಿಭಾಗ ತೆರೆಯಿತು. ಹೆಸರಾಂತ ಆಸ್ಪತ್ರೆಗಳೆಲ್ಲ ಕೈಚೆಲ್ಲಿದ ರೋಗಿಗಳನ್ನು ಹತ್ತಾರು ತಜ್ಞರು ಕೂಡಿ ನೋಡುವ ಜಾಗ ಅದು.

ನಮ್ಮಲ್ಲಿ ತಜ್ಞರು ಕೂಡುವುದು ಹಾಗಿರಲಿ, ಒಬ್ಬರು ಸಿಗುವುದೇ ಕಷ್ಟ. ತಾಲ್ಲೂಕು ಆಸ್ಪತ್ರೆಯ ಹುದ್ದೆಗಳ ಪಟ್ಟಿಯಲ್ಲಿ ಫಿಜಿಷಿಯನ್, ಸರ್ಜನ್, ಹೆರಿಗೆ ಡಾಕ್ಟರು, ಮಕ್ಕಳ ಡಾಕ್ಟರು ಇದ್ದಾರೆ; ನರರೋಗ ತಜ್ಞರು, ಸಂಧಿರೋಗ ತಜ್ಞರು ಇಲ್ಲ, ಇರಬೇಕೆಂಬ ನಿಯಮವೂ ಇಲ್ಲ. ಎಂಬಿಬಿಎಸ್ ಕಲಿಸುವ ಕಾಲೇಜಿಗೂ ಈ ವಿಭಾಗಗಳು ಕಡ್ಡಾಯವಲ್ಲ. ಹೀಗಾಗಿ ಜಡ್ಡಿನ ಹೆಸರು ಹುಬ್ಬಳ್ಳಿಯ ಈಚೆಗೆ ಸಿಗುವುದು ಅಪರೂಪ. ಗಜೇಂದ್ರಗಡಕ್ಕೆ ರೈಲಿಲ್ಲ, ನರಗುಂದಕ್ಕೂ ಇಲ್ಲ. ಒಂದು ದಿನದ ಹುಬ್ಬಳ್ಳಿ ಎಂದರೆ ಇಬ್ಬರ ಬಸ್ ಚಾರ್ಜು, ಇಬ್ಬರ ಕೂಲಿ, ಮಧ್ಯಾಹ್ನದ ಊಟ. ಎಂಆರ್‌ಐ ಸರತಿ ಬರಲಿಲ್ಲವೆಂದರೆ ಇನ್ನೊಂದು ದಿನ. ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಪುಕ್ಕಟೆ. ಅದನ್ನು ಆರೋಗ್ಯ ಯೋಜನೆಯೆಂದು ಯಾರೂ ಕರೆಯಲಿಲ್ಲ; ಆದರೆ ದಪ್ಪ ಚೀಲದ ಹೆಣ್ಣುಮಗಳಿಗೆ ಇಲ್ಲಿಯವರೆಗೆ ನಿಜವಾಗಿ ಕೈಗೆ ಬಂದ ಸಹಾಯ ಅದೇ ಇರಬೇಕು.

ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರದ ಪ್ರಕಾರ 2021–22ರಲ್ಲಿ ದೇಶದ ಒಟ್ಟು ಆರೋಗ್ಯ ವೆಚ್ಚದ ಶೇ 39.4ರಷ್ಟು ಜನರ ಕಿಸೆಯಿಂದಲೇ ಹೋಗಿದೆ. ಅದರಲ್ಲಿ ದೊಡ್ಡ ಪಾಲು ಆಪರೇಷನ್ನಿನದಲ್ಲ, ಅಂಗಡಿಯಲ್ಲಿ ಕೊಳ್ಳುವ ಗುಳಿಗಿ ಮತ್ತು ಹೊರರೋಗಿ ಖರ್ಚಿನದು. ಊರಿನಲ್ಲಿ ಸಾಲ ಕೊಟ್ಟವನಿಗೆ ಇದು ಲೆಕ್ಕಪತ್ರ ಓದದೆಯೂ ಗೊತ್ತು. ಆಪರೇಷನ್ನಿಗೆಂದು ಒಂದೇ ಗಂಟು ಕೇಳುವವರು ಈಗ ಕಡಿಮೆ. "ತಪಾಸಣಿಗೆ ಬೇಕಾಗೇತಿ" ಎಂದು ಎರಡು ಸಾವಿರ, ನಾಲ್ಕು ಸಾವಿರ ಕೈಗಡ ಕೇಳುವವರು ಮೊದಲಿಗಿಂತ ಹೆಚ್ಚು. ಹೆಸರುಕಾಳು ಬಂದಾಗ ಕೊಡುತ್ತೇನೆ, ಉಳ್ಳಾಗಡ್ಡಿ ಕಿತ್ತಾಗ ಕೊಡುತ್ತೇನೆ ಎಂಬ ಮಾತಿನ ಮೇಲೆ ನಡೆಯುವ ಸಾಲ ಅದು. ಉಳ್ಳಾಗಡ್ಡಿ ದರ ಬಿದ್ದ ವರ್ಷ ಆ ಚೀಲಕ್ಕೆ ಹೊಸ ಚೀಟಿ ಸೇರುವುದಿಲ್ಲ. ಜಡ್ಡು ಮಾತ್ರ ನಿಲ್ಲುವುದಿಲ್ಲ.

ವಿಮೆ ಹೀಗೇಕೆ ಆಪರೇಷನ್ ಟೇಬಲ್ಲಿನ ಸುತ್ತ ಕಟ್ಟಲ್ಪಟ್ಟಿತು ಎಂಬುದಕ್ಕೆ ಉತ್ತರ ಹುಡುಕಲು ಗದಗ ಜಿಲ್ಲೆಗಿಂತ ತಕ್ಕ ಜಾಗವಿಲ್ಲ. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ 1905ರಲ್ಲಿ ಹುಟ್ಟಿದ್ದು ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ. ಬೀಜಕ್ಕೆ, ಗೊಬ್ಬರಕ್ಕೆ ಸಾಲ ಕೊಡುವ ಸೊಸೈಟಿ ಊರೂರಿಗೆ ಬಂದು ಸುಮಾರು ನೂರು ವರ್ಷವಾದಾಗ, ಅದೇ ಜಾಲದ ಮೇಲೆ ಆರೋಗ್ಯ ವಿಮೆ ಕೂರಿಸಬಹುದು ಎಂದು ಹೃದಯ ತಜ್ಞ ದೇವಿ ಶೆಟ್ಟಿಯವರಿಗೆ ಹೊಳೆಯಿತು. 2003ರ ಜೂನ್‌ನಲ್ಲಿ ಯಶಸ್ವಿನಿ ಶುರುವಾಯಿತು. ಸಹಕಾರ ಸಂಘದ ಸದಸ್ಯನಾದ ರೈತ ತಿಂಗಳಿಗೆ ಐದು ರೂಪಾಯಿಯಂತೆ ವರ್ಷಕ್ಕೆ 60 ರೂಪಾಯಿ ಕಟ್ಟಿದರೆ ಸುಮಾರು 1,600 ಬಗೆಯ ಶಸ್ತ್ರಚಿಕಿತ್ಸೆ. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು.

ಲೆಕ್ಕ ಚೊಕ್ಕವಾಗಿತ್ತು. ಸಾವಿರ ರೈತರಲ್ಲಿ ಆಪರೇಷನ್ ಬೇಕಾಗುವವರು ಕೆಲವರೇ. ಜ್ವರ, ಕೆಮ್ಮು, ಮೊಣಕಾಲು ನೋವು ಎಲ್ಲರಿಗೂ ಬರುತ್ತವೆ. ಐದು ರೂಪಾಯಿಯಲ್ಲಿ ಎಲ್ಲರಿಗೂ ಬರುವುದನ್ನು ಕೊಡಲಾಗುವುದಿಲ್ಲ. ಆದ್ದರಿಂದ ಯಶಸ್ವಿನಿ ಚಾಕುವಿನ ಖರ್ಚನ್ನು ಹೊತ್ತುಕೊಂಡಿತು. ಡಾಕ್ಟರ ಸಲಹೆಯನ್ನು ಪುಕ್ಕಟೆ ಕೊಟ್ಟು, ತಪಾಸಣೆಗೆ ರಿಯಾಯಿತಿ ತೋರಿಸಿ ಕೈಬಿಟ್ಟಿತು. ಆಗಿನ ಬಡತನಕ್ಕೆ ಅದು ಜಾಣ ನಿರ್ಧಾರವೇ. ತಪ್ಪಾದದ್ದು ಆಮೇಲೆ. ಹಣ ಐದು ಲಕ್ಷಕ್ಕೆ ಏರಿದರೂ, ಯೋಜನೆಗಳ ಹೆಸರು ಬದಲಾಗುತ್ತ ಬಂದರೂ, ಆ ಮೊದಲ ಚೌಕಟ್ಟು ಹಾಗೆಯೇ ಉಳಿಯಿತು. 2018ರಲ್ಲಿ ನಿಂತುಹೋದ ಯಶಸ್ವಿನಿ 2023ರ ಜನವರಿಯಿಂದ ಮತ್ತೆ ಜಾರಿಗೆ ಬಂದಿದೆ. ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ 500 ರೂಪಾಯಿ, ಮಿತಿ 5 ಲಕ್ಷ. ಸೊಸೈಟಿಯ ಕಿಟಕಿಯಲ್ಲಿ ಹಣ ಕಟ್ಟುವಾಗ ಯಾರೂ ಕೇಳದ ಪ್ರಶ್ನೆ ಇದು: "ಜಡ್ಡು ಯಾವ್ದು ಅಂತ ಗೊತ್ತಾಗದಿದ್ರ ಇದು ನಡೀತೈತೇನ್ರೀ?"

ನಡುವೆ ಒಂದು ಯೋಜನೆ ಮಾತ್ರ ಈ ಕೊರತೆಯನ್ನು ಸ್ವಲ್ಪ ತುಂಬಿತ್ತು. 2010ರಲ್ಲಿ ಉತ್ತರ ಕರ್ನಾಟಕದಿಂದಲೇ ಆರಂಭವಾದ ವಾಜಪೇಯಿ ಆರೋಗ್ಯಶ್ರೀಯಲ್ಲಿ ಆಸ್ಪತ್ರೆಗಳೇ ಹಳ್ಳಿಗಳ ಕಡೆ ಬಂದು ಆರೋಗ್ಯ ಶಿಬಿರ ನಡೆಸಬೇಕಿತ್ತು. ರೋಗಿಯನ್ನು ಹುಡುಕುವುದೂ ಕೆಲಸದ ಭಾಗವಾಗಿತ್ತು. ಯೋಜನೆ ಇನ್ನೂ ದಕ್ಷಿಣಕ್ಕೆ ಹೋಗದಿದ್ದ ಹೊತ್ತಿನಲ್ಲಿ ಅದು ತಲುಪಿದ 300 ಹಳ್ಳಿಗಳನ್ನು ಯೋಜನೆಯ ಗಡಿಯಾಚೆಯ 272 ಹಳ್ಳಿಗಳೊಡನೆ ಹೋಲಿಸಿದ ಅಧ್ಯಯನ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಯೋಜನೆಯಲ್ಲಿದ್ದ ರೋಗಗಳಿಂದ ಬಡ ಕುಟುಂಬಗಳಲ್ಲಾದ ಸಾವಿನ ಪ್ರಮಾಣ ಯೋಜನೆ ಇದ್ದ ಹಳ್ಳಿಗಳಲ್ಲಿ ಶೇ 0.32, ಇಲ್ಲದ ಕಡೆ ಶೇ 0.90. ಕಾರ್ಡು ಜೀವ ಉಳಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. "ಯೋಜನೆಯಲ್ಲಿದ್ದ ರೋಗಗಳಿಂದ" ಎಂಬ ಮಾತನ್ನೂ ಅಷ್ಟೇ ಗಮನವಿಟ್ಟು ಓದಬೇಕು.

ಜಡ್ಡಿನ ಹೆಸರಿಗೆ ಮಾತ್ರ ಹಣವಿದ್ದಾಗ ಇನ್ನೊಂದು ಅನಾಹುತವೂ ನಡೆಯುತ್ತದೆ. ಬೆನ್ನು ನೋವು, ಬಿಳಿಸೆರಗು, ಹೊಟ್ಟೆ ನೋವು ಎಂದು ಹೋದ ಹೆಣ್ಣುಮಕ್ಕಳಿಗೆ ನೋವಿನ ಕಾರಣ ಹುಡುಕುವ ಬದಲು ಗರ್ಭಕೋಶವನ್ನೇ ತೆಗೆದುಹಾಕಿದ ಪ್ರಕರಣಗಳು ಕಲಬುರ್ಗಿ ಜಿಲ್ಲೆಯಲ್ಲಿ 2015ರ ಹೊತ್ತಿಗೆ ದೊಡ್ಡ ಸುದ್ದಿಯಾದವು. ಹೆಚ್ಚಿನವರು ಲಂಬಾಣಿ ಮತ್ತು ದಲಿತ ಹೆಣ್ಣುಮಕ್ಕಳು, ಎಷ್ಟೋ ಮಂದಿ ನಲವತ್ತರೊಳಗಿನವರು. ಸಂಘಟನೆಗಳು ಬೀದಿಗಿಳಿದವು, ಸರ್ಕಾರ ತನಿಖೆ ನಡೆಸಬೇಕಾಯಿತು. ಗಜೇಂದ್ರಗಡದ ಸುತ್ತಲ ತಾಂಡಾಗಳ ಹೆಣ್ಣುಮಕ್ಕಳಿಗೂ ಕಬ್ಬಿನ ಕೆಲಸ, ಕಲ್ಲಿನ ಕೆಲಸ, ಬೆನ್ನು ನೋವು ಎಲ್ಲವೂ ಇವೆ. ಕಾರಣ ಹುಡುಕುವುದಕ್ಕೆ ಯಾರೂ ದುಡ್ಡು ಕೊಡದ, ಕತ್ತರಿಸುವುದಕ್ಕೆ ದುಡ್ಡು ಸಿಗುವ ವ್ಯವಸ್ಥೆಯಲ್ಲಿ ಡಾಕ್ಟರು ಎಷ್ಟೇ ಸಜ್ಜನರಾಗಿದ್ದರೂ ಕೈ ಯಾವ ಕಡೆ ಜಾರುತ್ತದೆ ಎಂಬುದನ್ನು ಹೇಳಬೇಕಿಲ್ಲ.

ಖಾಸಗಿ ವಿಮೆಯ ಕತೆ ಇದಕ್ಕಿಂತ ನುಣುಪು. ಸಾಲಿ ಮಾಸ್ತರರು, ಬ್ಯಾಂಕಿನವರು, ಎಪಿಎಂಸಿ ಅಡತಿಯವರು, ಈಚೆಗೆ ಗಜೇಂದ್ರಗಡದ ಸೀರೆ ವ್ಯಾಪಾರಿಗಳು ಕೂಡ ವರ್ಷಕ್ಕೆ ಹತ್ತಿಪ್ಪತ್ತು ಸಾವಿರ ಕಟ್ಟಿ ಪಾಲಿಸಿ ಮಾಡಿಸುತ್ತಾರೆ. ಪಾಲಿಸಿಯ ದಪ್ಪ ಪುಸ್ತಕದಲ್ಲಿ ಎಲ್ಲ ಕಂಪನಿಗಳೂ ಒಂದೇ ಮಾತಿನಲ್ಲಿ ಅಚ್ಚು ಹಾಕಬೇಕಾದ ಕೆಲವು ಹೊರತುಗಳಿವೆ. ವಿಮಾ ನಿಯಂತ್ರಣ ಪ್ರಾಧಿಕಾರ ಅವಕ್ಕೆ ಸಂಖ್ಯೆ ಕೊಟ್ಟಿದೆ. ನಾಲ್ಕನೆಯದು ನಮ್ಮ ವಿಷಯ: ಮುಖ್ಯವಾಗಿ ತಪಾಸಣೆ ಮತ್ತು ಮೌಲ್ಯಮಾಪನಕ್ಕಾಗಿಯೇ ಆಸ್ಪತ್ರೆ ಸೇರಿದರೆ ಖರ್ಚು ಸಿಗುವುದಿಲ್ಲ. ಆರು ದಿನ ಹುಬ್ಬಳ್ಳಿಯಲ್ಲಿ ಹಾಸಿಗೆ ಹಿಡಿದು, ಬೆನ್ನಿನಿಂದ ನೀರು ತೆಗೆಸಿಕೊಂಡು, ಎರಡು ಸ್ಕ್ಯಾನ್ ಮಾಡಿಸಿ, ಕೊನೆಗೆ "ಇನ್ನೂ ಖಚಿತವಿಲ್ಲ, ಬೆಂಗಳೂರಿನಲ್ಲಿ ತೋರಿಸಿ" ಎಂದು ಡಿಸ್ಚಾರ್ಜ್ ಆದವರ ಕ್ಲೇಮು ಈ ಕಲಮಿನ ಕೆಳಗೆ ಬೀಳುತ್ತದೆ. ಜಡ್ಡು ಸಿಕ್ಕಿದ್ದರೆ ಅದೇ ಬಿಲ್ಲು ಪಾಸಾಗುತ್ತಿತ್ತು. ಡಾಕ್ಟರಿಗೆ ಹೊಳೆಯದಿದ್ದುದರ ದಂಡ ರೋಗಿಗೆ!

ಇನ್ನೊಂದು ತೊಡಕು ಮೊದಲೇ ಇದ್ದ ಕಾಯಿಲೆಯದು. ಪಾಲಿಸಿ ಮಾಡಿಸುವುದಕ್ಕೆ ಹಿಂದಿನ 36 ತಿಂಗಳಲ್ಲಿ ಯಾವ ತೊಂದರೆಗೆ ಡಾಕ್ಟರ ಸಲಹೆ ಅಥವಾ ಚಿಕಿತ್ಸೆ ಪಡೆದಿದ್ದರೋ ಅದು ಮೊದಲೇ ಇದ್ದದ್ದು. ಅದಕ್ಕೆ ಕಾಯುವ ಅವಧಿ 2024ರ ಏಪ್ರಿಲ್‌ನಿಂದ ಹೆಚ್ಚೆಂದರೆ ಮೂರು ವರ್ಷ, ಮೊದಲು ನಾಲ್ಕಿತ್ತು. ಕಾಗದದ ಮೇಲೆ ಸರಿಯಾಗಿಯೇ ಇದೆ. ಆದರೆ ಹೆಸರಿಲ್ಲದ ಜಡ್ಡಿನವನ ಚೀಲದಲ್ಲಿರುವ ಪ್ರತಿ ಚೀಟಿಯೂ ಅವನ ವಿರುದ್ಧದ ಸಾಕ್ಷಿಯಾಗಬಲ್ಲದು. ಅಪರಿಚಿತ ಡಾಕ್ಟರ ಮುಂದೆ ಕುಳಿತು ನಮ್ಮ ಮಂದಿ ಹೇಳುವ ರೀತಿಯೇ ಹಾಗೆ: "ಭಾಳ ದಿನದಿಂದ ಐತ್ರೀ, ನಾಕೈದು ವರ್ಷ ಆತು." ಡಾಕ್ಟರು ಅದನ್ನೇ ಕೇಸ್ ಪೇಪರಿನ ಮೊದಲ ಸಾಲಿನಲ್ಲಿ ಬರೆಯುತ್ತಾರೆ. ಮೊಣಕಾಲು ನೋವು ಐದು ವರ್ಷದ್ದಿರಬಹುದು, ಈಗ ಪತ್ತೆಯಾದ ರೋಗ ಬೇರೆಯೇ ಇರಬಹುದು. ಕಂಪನಿಯ ಮೇಜಿನ ಮೇಲೆ ಆ ಒಂದು ಸಾಲು ಸಾಕು.

ಇದಕ್ಕೆ ಮದ್ದಿಲ್ಲ ಎಂದಲ್ಲ. ಕ್ಲೇಮು ತಿರಸ್ಕರಿಸಿದರೆ ಪಾಲಿಸಿಯ ಯಾವ ಕಲಮಿನ ಮೇಲೆ ಎಂದು ಕಂಪನಿ ಬರೆದು ತಿಳಿಸಬೇಕು. ಮೊದಲು ಕಂಪನಿಗೆ ಲಿಖಿತ ದೂರು. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ ಹೋಗಬಹುದು. ಶುಲ್ಕವಿಲ್ಲ, ವಕೀಲರೂ ಬೇಡ. ಅದು ದೂರವೆನಿಸಿದರೆ ಗದಗಿನಲ್ಲೇ ಜಿಲ್ಲಾ ಗ್ರಾಹಕರ ಆಯೋಗವಿದೆ. 2019ರ ಕಾಯ್ದೆಯ ಪ್ರಕಾರ ದೂರುದಾರ ತಾನಿರುವ ಜಿಲ್ಲೆಯಲ್ಲೇ ದಾವೆ ಹಾಕಬಹುದು. ಐದು ವರ್ಷ ಬಿಡದೆ ಪ್ರೀಮಿಯಂ ಕಟ್ಟಿದ ಪಾಲಿಸಿಯನ್ನು, ವಂಚನೆ ರುಜುವಾತಾಗದ ಹೊರತು, ವಿಷಯ ಮುಚ್ಚಿಟ್ಟಿರಿ ಎಂದು ಪ್ರಶ್ನಿಸುವಂತಿಲ್ಲ. ಇವನ್ನೆಲ್ಲ ಪಾಲಿಸಿ ಮಾರುವಾಗ ಏಜೆಂಟರು ಹೇಳುವುದನ್ನು ನಾನಂತೂ ಕೇಳಿಲ್ಲ.

ಬಡವನ ಕಾರ್ಡಿಗೂ ಇಂಥದೇ ಒಂದು ಜಾರುಬಂಡೆ ಇದೆ. ರೇಷನ್ ಕಾರ್ಡಿನ ಬಣ್ಣ ಬದಲಾದರೆ ವಿಮೆಯ ಪ್ರಮಾಣವೇ ಬದಲಾಗುತ್ತದೆ. 2024ರ ನವೆಂಬರ್‌ನಲ್ಲಿ ಅನರ್ಹರೆಂದು ಬಿಪಿಎಲ್ ಕಾರ್ಡುಗಳನ್ನು ಎಪಿಎಲ್‌ಗೆ ಬದಲಿಸಲು ಹೊರಟಾಗ ರಾಜ್ಯದಾದ್ಯಂತ ಗದ್ದಲವೆದ್ದು, ಸರ್ಕಾರ ಹಿಂದೆ ಸರಿಯಬೇಕಾಯಿತು. ಅಕ್ಕಿಯ ಮಾತೇ ಎಲ್ಲೆಡೆ ಕೇಳಿಬಂತು. ಆದರೆ ಡಯಾಲಿಸಿಸ್‌ಗೆ ಹೋಗುವ ಮನೆಗೆ ಅಕ್ಕಿಗಿಂತ ದೊಡ್ಡ ಪೆಟ್ಟು ಪೂರ್ತಿ ಚಿಕಿತ್ಸೆ ಶೇ 30ಕ್ಕೆ ಇಳಿಯುವುದು. ಆಧಾರಿನಲ್ಲಿ ಬಸವ್ವ, ರೇಷನ್ ಕಾರ್ಡಿನಲ್ಲಿ ಬಸಮ್ಮ ಎಂದು ಅಚ್ಚಾಗಿ ಕಿಟಕಿಯಿಂದ ಕಿಟಕಿಗೆ ಅಲೆಯುವುದು ಬೇರೆ.

ಇಷ್ಟು ಹೇಳಿದ ಮೇಲೂ ಒಂದು ವಾದ ಉಳಿಯುತ್ತದೆ: ಅಪರೂಪದ ಜಡ್ಡುಗಳಿಗಾಗಿ ಇಡೀ ಯೋಜನೆಯನ್ನು ತಿರುಗಿಸಲಾಗುತ್ತದೆಯೇ? ರೋಣ, ಗಜೇಂದ್ರಗಡ, ನರಗುಂದ ಈ ಮೂರು ತಾಲ್ಲೂಕುಗಳ ಉತ್ತರ ಬೇರೆ. ಇಲ್ಲಿ ಹೆಸರು ಸಿಗದೆ ಅಲೆಯುವವರಲ್ಲಿ ಎಲ್ಲರೂ ಅಪರೂಪದ ರೋಗಿಗಳಲ್ಲ. ಒಂದು ಜಡ್ಡು ನೆಲದಿಂದಲೇ ಬರುತ್ತದೆ.

ಗದಗ ಜಿಲ್ಲೆಯ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇದೆ. ಮುಂಡರಗಿ ತಾಲ್ಲೂಕು ಅದಕ್ಕೆ ಕುಖ್ಯಾತ. ಹಳೆಯ ರೋಣ ತಾಲ್ಲೂಕಿನ, ಅಂದರೆ ಈಗಿನ ರೋಣ ಮತ್ತು ಗಜೇಂದ್ರಗಡದ ಕೆಲವು ಭಾಗಗಳಲ್ಲೂ ಅದು ಮಿತಿ ಮೀರಿದೆ. ಗಜೇಂದ್ರಗಡ ತಾಲ್ಲೂಕಾದದ್ದೇ 2018ರಲ್ಲಿ, ಅದಕ್ಕೂ ಹಳೆಯ ವರದಿಗಳಲ್ಲೆಲ್ಲ ರೋಣ ಎಂದೇ ಇರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಗೆರೆ. ನಮ್ಮ ಮಾನಕ ಸಂಸ್ಥೆ 1 ಮಿಲಿಗ್ರಾಂ ಇರಲಿ ಎನ್ನುತ್ತದೆ, ಬೇರೆ ನೀರಿಲ್ಲದಿದ್ದರೆ 1.5ರವರೆಗೆ ಒಪ್ಪುತ್ತದೆ. ಗ್ರಾನೈಟ್ ಜಾತಿಯ ಬಂಡೆಗಳ ಖನಿಜದಿಂದ ಕರಗಿ ಬರುವ ಫ್ಲೋರೈಡ್, ಬೋರು ಆಳಕ್ಕಿಳಿದಷ್ಟೂ ನೀರು ಹೆಚ್ಚು ಕಾಲ ಬಂಡೆಯ ಜೊತೆ ಇರುವುದರಿಂದ, ಸಾಮಾನ್ಯವಾಗಿ ಏರುತ್ತದೆ. ಮಲಪ್ರಭೆಯ ಕಾಲುವೆ ಕಂಡ ನರಗುಂದದ ಪಾಡು ಬೇರೆ. ಅಲ್ಲಿ ಅಂತರ್ಜಲ ಮೇಲೆದ್ದು, ಹಳೆಯ ಕಾಳಿನ ಹಗೇವುಗಳಿರುವ ಓಣಿಗಳಲ್ಲಿ ನೆಲ ಕುಸಿಯುವುದೇ ದೊಡ್ಡ ಸುದ್ದಿ.

ಮಕ್ಕಳಲ್ಲಿ ಫ್ಲೋರೈಡಿನ ಜಡ್ಡು ಹಲ್ಲಿನ ಕಂದು ಪಟ್ಟಿಯಾಗಿ ಕಾಣುತ್ತದೆ. ಹಲ್ಲು ಸರಿಯಾಗಿ ತಿಕ್ಕುವುದಿಲ್ಲ ಎಂದು ಬೈಸಿಕೊಂಡ ಮಕ್ಕಳೆಷ್ಟೋ. ದೊಡ್ಡವರಲ್ಲಿ ಕತ್ತು, ನಡ, ಮೊಣಕಾಲು ಬಿಗಿಯುತ್ತವೆ. ಬಗ್ಗಿ ಕಳೆ ತೆಗೆಯಲಾಗುವುದಿಲ್ಲ, ಕತ್ತು ತಿರುಗಿಸಲು ಇಡೀ ಮೈ ತಿರುಗಿಸಬೇಕು. ಹಲವರಿಗೆ ಎಲುಬು ತೊಂದರೆಗೆ ಮುಂಚೆಯೇ ಹೊಟ್ಟೆ ಉರಿ, ಬಾಯಾರಿಕೆ, ಸುಸ್ತು. ಕೊನೆಯ ಹಂತದಲ್ಲಿ ಬೆಳೆದ ಎಲುಬು ಬೆನ್ನುಹುರಿಯನ್ನು ಒತ್ತಿ ಕಾಲು ಸ್ವಾಧೀನ ತಪ್ಪಬಹುದು. ಲಕ್ಷಣಗಳೆಲ್ಲ ಸಂಧಿವಾತದವೇ. ರಕ್ತದಲ್ಲಿ ಆರ್‌ಎ ಫ್ಯಾಕ್ಟರ್ ನೋಡುತ್ತಾರೆ. ಅದು ಆರೋಗ್ಯವಂತರಲ್ಲೂ ಕೆಲವರಿಗೆ ಪಾಸಿಟಿವ್ ಬರುತ್ತದೆ, ಬಂದರೆ ಇನ್ನೊಂದು ದಾರಿ ತಪ್ಪಿದಂತೆ. ವಯಸ್ಸಾಯಿತು ಎನ್ನುತ್ತಾರೆ, ವಾಯು ಎನ್ನುತ್ತಾರೆ, ವಿಟಮಿನ್ ಡಿ ಕಡಿಮೆ ಎನ್ನುತ್ತಾರೆ. ವರ್ಷಗಟ್ಟಲೆ ನೋವಿನ ಗುಳಿಗಿ ನುಂಗಿ ಕಿಡ್ನಿಗೂ ಪೆಟ್ಟು ಬೀಳಬಹುದು. ಆಗ ಕಾರ್ಡು ನಡೆಯುತ್ತದೆ, ಡಯಾಲಿಸಿಸ್‌ಗೆ ಸಂಖ್ಯೆಯಿದೆ.

ವಿಚಿತ್ರವೆಂದರೆ ಈ ಜಡ್ಡಿಗೆ ಫ್ಲೋರೋಸಿಸ್ ಎಂಬ ಹೆಸರು ಯಾವತ್ತೋ ಸಿಕ್ಕಿದೆ. 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತದ ನೆಲ್ಲೂರಿನ ರೋಗಿಗಳನ್ನು ನೋಡಿ ಶಾರ್ಟ್ ಮತ್ತು ಸಂಗಡಿಗರು ಇದನ್ನು ಬರೆದಿಟ್ಟರು. ದೆಹಲಿಯ ಏಮ್ಸ್‌ನಲ್ಲಿದ್ದ ಎ.ಕೆ. ಸುಶೀಲಾ ತಮ್ಮ ವೃತ್ತಿಜೀವನವನ್ನೇ ಇದಕ್ಕೆ ಕೊಟ್ಟರು. ಗುರುತಿಸಲು ದೊಡ್ಡ ಯಂತ್ರವೂ ಬೇಡ: ಮುಂಗೈಯ ಒಂದು ಎಕ್ಸ್‌ರೇಯಲ್ಲಿ ಎರಡು ಎಲುಬಿನ ನಡುವಿನ ಪೊರೆ ಸುಣ್ಣಗಟ್ಟಿರುವುದು ಕಾಣುತ್ತದೆ; ಜೊತೆಗೆ ಮೂತ್ರದ ಮತ್ತು ಕುಡಿಯುವ ನೀರಿನ ಫ್ಲೋರೈಡ್ ಅಳತೆ. ನೋವು ಮೊಣಕಾಲಿನಲ್ಲಿರುವಾಗ ಮುಂಗೈಯ ಎಕ್ಸ್‌ರೇ ಯಾರು ಬರೆಯುತ್ತಾರೆ ಎಂಬುದೇ ಪ್ರಶ್ನೆ. ಯಾವ ನೀರು ಕುಡಿಯುತ್ತೀರಿ ಎಂದು ಕೇಳಿದ ಡಾಕ್ಟರು ಮಾತ್ರ ಬರೆಯುತ್ತಾರೆ.

ಮಲೆನಾಡಿನ ಒಂದು ಹಳೆಯ ಕತೆ ಇದರ ಪಕ್ಕದಲ್ಲಿಟ್ಟು ನೋಡುವಂಥದ್ದು. 1970ರ ದಶಕದ ನಡುವೆ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಸೊಂಟ, ಮೊಣಕಾಲು ಹಿಡಿದು ನಡೆಯಲಾಗದವರು ಒಂದೇ ಸಲ ಗಮನಕ್ಕೆ ಬಂದರು. ಚನ್ನಂಗಿ, ಚಲವಾದಿ ಸಮುದಾಯದ ಬಡ ಕೂಲಿಗಳು. ಗದ್ದೆಗೆ ಹೊಡೆದ ಕೀಟನಾಶಕ ಅವರು ತಿನ್ನುವ ಏಡಿಗಳ ಮೂಲಕ ಮೈ ಸೇರಿತು ಎಂಬ ಗುಮಾನಿ ಮೊದಲು ಬಂತು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು ಬಂದರು, ಐಸಿಎಂಆರ್ ಬಂತು; ಕೊನೆಗೆ ಇದು ವಂಶವಾಹಿಯ ಎಲುಬಿನ ರೋಗವೆಂಬ ನಿರ್ಣಯಕ್ಕೆ ವಿಜ್ಞಾನಿಗಳು ಬಂದರು. ಊರಿನ ಹೆಸರೇ ರೋಗದ ಹೆಸರಾಗಿ ವೈದ್ಯಕೀಯ ಪುಸ್ತಕ ಸೇರಿತು. ಗುಣಪಡಿಸುವ ಔಷಧಿ ಸಿಗಲಿಲ್ಲ, ಆದರೂ ಹೆಸರಿನಿಂದ ಅವರಿಗೆ ಒಂದು ಲಾಭವಾಯಿತು: ಸರ್ಕಾರದ ಬಾಗಿಲಲ್ಲಿ ನಿಂತಾಗ ಅವರು ನಟನೆ ಮಾಡುತ್ತಿಲ್ಲ ಎಂಬುದು ಸಾಬೀತಾಗಿತ್ತು. ರೋಣದ ಮೊಣಕಾಲು ನೋವಿನವರಿಗೆ ಅಷ್ಟೂ ಇಲ್ಲ. ಅವರನ್ನು ನೋಡಲು ಯಾರೂ ದಂಡುಕಟ್ಟಿ ಬರುವುದಿಲ್ಲ, ಯಾಕೆಂದರೆ ಆ ನೋವಿನಲ್ಲಿ ವಿಜ್ಞಾನಕ್ಕೆ ಹೊಸದೇನೂ ಇಲ್ಲ.

ಫ್ಲೋರೋಸಿಸ್ ಎಂದು ಗೊತ್ತಾದರೂ ಕಾರ್ಡು ಹೆಚ್ಚೇನೂ ಮಾಡುವುದಿಲ್ಲ ಎಂಬುದು ನಿಜ. ಬೆಳೆದ ಎಲುಬನ್ನು ಕರಗಿಸುವ ಮದ್ದಿಲ್ಲ. ನೀರು ಬದಲಿಸುವುದು, ಹಾಲು, ಸೊಪ್ಪು, ನೆಲ್ಲಿಕಾಯಿಯಂಥ ಆಹಾರ, ಇಷ್ಟೇ ಚಿಕಿತ್ಸೆ. ಬೇಗ ಮಾಡಿದರೆ ಮೊದಲ ಹಂತದವರು ಚೇತರಿಸಿಕೊಳ್ಳುತ್ತಾರೆ. ಆದರೆ ಹೆಸರು ಸಿಕ್ಕ ದಿನ ಅಲೆದಾಟ ನಿಲ್ಲುತ್ತದೆ. ಬೆಳಗಾವಿಗೆ ಹೋಗುವ ಸಾಲ, ಮತ್ತೊಂದು ಎಂಆರ್‌ಐ, ಸ್ಟೀರಾಯ್ಡ್ ಸೂಜಿ ಎಲ್ಲವೂ ನಿಲ್ಲುತ್ತವೆ. ಮನೆಯ ಸಣ್ಣ ಮಕ್ಕಳ ನೀರು ಬದಲಾಗುತ್ತದೆ. ವಿಮೆಯ ಯಾವ ಲೆಕ್ಕದಲ್ಲೂ ಈ ಉಳಿತಾಯ ದಾಖಲಾಗುವುದಿಲ್ಲ.

ನೀರಿನ ಕಡೆಯಿಂದ ಕೆಲಸ ನಡೆದಿಲ್ಲವೆನ್ನಲಾಗದು. ಗದಗಿನವರೇ ಆದ ಎಚ್.ಕೆ. ಪಾಟೀಲ 2013ರಿಂದ 2018ರವರೆಗೆ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದಾಗ ಹಳ್ಳಿಗಳಿಗೆ ಶುದ್ಧ ನೀರಿನ ಘಟಕಗಳು ಬಂದವು, ತುಂಗಭದ್ರೆ ಮತ್ತು ಮಲಪ್ರಭೆಯ ನೀರನ್ನು ಕೊಳವೆಯಲ್ಲಿ ಜಿಲ್ಲೆಯ ಊರುಗಳಿಗೆ ತರುವ ದೊಡ್ಡ ಯೋಜನೆಯೂ ಬಂತು. ನಾಣ್ಯ ಹಾಕಿ ಕೊಡಪಾನ ತುಂಬಿಸಿಕೊಳ್ಳುವುದು ಈಗ ದಿನಚರಿ. ಕೆಟ್ಟು ನಿಂತ ಘಟಕಗಳೂ ಇವೆ. ಕುಡಿಯಲು ಮಾತ್ರ ಆ ನೀರು, ಅಡಿಗೆಗೆ ಬೋರಿನದೇ ಎನ್ನುವ ಮನೆಗಳೂ ಇವೆ. ಅಡಿಗೆಯಲ್ಲಿ ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಇಂಗಿದಷ್ಟೂ ಸಾರಿನಲ್ಲಿ ಗಟ್ಟಿಯಾಗುತ್ತದೆ.

2019ರ ಜಲಜೀವನ್ ಮಿಷನ್ ಪ್ರಕಾರ ಪ್ರತಿ ಹಳ್ಳಿಯಲ್ಲೂ ಐವರು ಹೆಣ್ಣುಮಕ್ಕಳಿಗೆ ನೀರು ತಪಾಸಣೆ ಕಲಿಸಿ ಕಿಟ್ ಕೊಡಬೇಕು. ಕಿಟ್‌ನಲ್ಲಿ ಫ್ಲೋರೈಡ್ ಅಳೆಯುವ ದ್ರಾವಣವೂ ಇರುತ್ತದೆ. ಅವರು ಬರೆದಿಡುವ ಅಂಕಿಗಳು ಪಂಚಾಯಿತಿಯ ಫೈಲಿಗೆ, ನೀರು ಸರಬರಾಜು ಇಲಾಖೆಯ ಕಂಪ್ಯೂಟರಿಗೆ ಹೋಗುತ್ತವೆ. ಅದೇ ಊರಿನ ಆಶಾ ಕಾರ್ಯಕರ್ತೆ ಮೊಣಕಾಲು ನೋವಿನವರ ಮನೆ ಬಲ್ಲವಳು. ಅವಳ ಮಾತು ಆರೋಗ್ಯ ಇಲಾಖೆಗೆ ಹೋಗುತ್ತದೆ. ಎರಡು ಇಲಾಖೆಯ ಕಾಗದಗಳು ತಾಲ್ಲೂಕು ಆಸ್ಪತ್ರೆಯ ಒಪಿಡಿ ಮೇಜಿನ ಮೇಲೆ ಕೂಡಿದರೆ, ರೋಗಿ ಒಳಗೆ ಬರುವ ಮೊದಲೇ ಅವನ ಬೋರಿನ ಫ್ಲೋರೈಡ್ ಎಷ್ಟು ಎಂದು ಡಾಕ್ಟರಿಗೆ ಗೊತ್ತಿರುತ್ತದೆ. ಮುಂಗೈ ಎಕ್ಸ್‌ರೇ ಬರೆಯಲು ಅಷ್ಟು ಸಾಕು, ಎಕ್ಸ್‌ರೇ ಯಂತ್ರ ತಾಲ್ಲೂಕು ಆಸ್ಪತ್ರೆಯಲ್ಲೇ ಇರುತ್ತದೆ. ಇದಕ್ಕೆ ಹೊಸ ಯೋಜನೆಯೂ ಬೇಡ, ಪ್ಯಾಕೇಜ್ ಸಂಖ್ಯೆಯೂ ಬೇಡ. ಒಪಿಡಿ ಚೀಟಿಯಲ್ಲಿ ಹೆಸರು, ವಯಸ್ಸು, ಊರು ಬರೆಯುವ ಕಡೆ "ಕುಡಿಯುವ ನೀರು ಯಾವುದು" ಎಂಬ ಇನ್ನೊಂದು ಗೆರೆ ಅಚ್ಚು ಹಾಕಿಸಬೇಕು. ರೋಣ ಮತ್ತು ಗಜೇಂದ್ರಗಡದಲ್ಲಿ ಮೊದಲು, ಮುಂಡರಗಿಯಲ್ಲಿ ಅದಕ್ಕೂ ಮೊದಲು.